ಮಾವನ ಕಾರಿನ ಎರಡನೇ ಗಿಯರ್

ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಿದ್ದೆ. ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದ್ದೆ. ಜೋಡಿಸಿದ ಮೇಲೆ ಎರಡೂ ನಡೆದಿದ್ದವು! ಇಂಥ ಕೈಗೆ ಒಂದು ಕಾರಿನ ಗಿಯರ್ ಬಾಕ್ಸ್ ಯಾವ ಲೆಕ್ಕ? ಎಪ್ಪತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ನನ್ನ ವಿಚಾರ ಇಷ್ಟು ಸರಳವಾಗಿತ್ತು. ಬಾಗಲಕೋಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಶಾಲೆಗೆ ರಜೆ ಇತ್ತು. ಅನಾಹುತಕ್ಕೆ ಇನ್ನೇನು ಬೇಕು?

ಕಾರು ನನ್ನ ಮಾವನವರದು. ನಿವೃತ್ತ ಡಾಕ್ಟರು. ಯಾವುದೋ ಸಂಸ್ಥಾನದವರು ಹರಾಜಿಗಿಟ್ಟಿದ್ದ, ಎರಡೇ ಸೀಟಿನ, ತಲೆಯ ಮೇಲಿನ ಕ್ಯಾನ್ವಾಸು ಮಡಚಬಹುದಾದ ವಿಲಾಯತಿ ಕಾರನ್ನು ಪ್ರಾಯದಲ್ಲಿ ಕೊಂಡಿದ್ದರು. ಕೆಂಪು ಬಣ್ಣ, ಕುಳ್ಳು ದೇಹ. ಅದು ಓಣಿಯಲ್ಲಿ ಹೊರಟರೆ ಚಕ್ಕಡಿಯ ಎತ್ತುಗಳೂ ತಿರುಗಿ ನೋಡುತ್ತಿದ್ದವು. ಅದಕ್ಕಿದ್ದದ್ದು ಒಂದೇ ಬೇನೆ. ಎರಡನೇ ಗಿಯರ್ ಹಾಕಿದೊಡನೆ ಗರ್‍ರ್ ಎಂದು ಕಿರುಚುತ್ತಿತ್ತು. ಮಾವನವರು ಮುಂಬಯಿಯಿಂದ ಅದಕ್ಕೆ ಬೇಕಾದ ಹಿತ್ತಾಳೆಯ ಉಂಗುರ ತರಿಸಿ, ಹುಬ್ಬಳ್ಳಿಯ ಮಿಸ್ತ್ರಿಗೆ ಬರಹೇಳಿ, ಎಂಟು ದಿನದ ಮಟ್ಟಿಗೆ ಸೊಲ್ಲಾಪುರದ ಮಗಳ ಮನೆಗೆ ಹೋದರು. ಮಿಸ್ತ್ರಿ ಬರಲಿಲ್ಲ. ನಾನಿದ್ದೆ!

"ಸುಶೀಲಾ, ಬ್ಯಾಡ," ಅಂದರು ನಮ್ಮವರು. ಅವರು ಕಚೇರಿಯಲ್ಲಿ ಗುಮಾಸ್ತರು. ಪೆನ್ನಿನ ನಿಬ್ಬು ಬದಲಿಸುವಾಗಲೂ ಕೈ ನಡುಗುವಂಥ ಸಾಧು ಜೀವ. "ಅದು ಅಪ್ಪನ ಜೀವ ಐತಿ. ನನಗ ಅದರ ಗಾಜು ಒರಸಾಕ ಸುದ್ದಾ ಕೊಡೂದಿಲ್ಲ."

"ಮಾವಾರು ಬರೂದ್ರೊಳಗ ಮಾಡಿ ಇಡ್ತೇನಿ ನೋಡ್ರಿ. ಪುಸ್ತಕದಾಗ ಎಲ್ಲಾ ಬರದೈತಿ. ನೀವು ಬರೇ ನಟ್ಟು ಬಿಚ್ಚೂ ಪಾನಾ ಕೊಡ್ರಿ."

ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ಬಿಚ್ಚುವ ಕ್ರಮಕ್ಕೆ ಹನ್ನೊಂದು ಪುಟಗಳಿದ್ದವು. ಜೋಡಿಸುವ ಕ್ರಮಕ್ಕೆ ಒಂದೇ ಸಾಲು: ಬಿಚ್ಚಿದ್ದನ್ನು ಹಿಂದುಮುಂದಾಗಿ ಮಾಡುತ್ತ ಬನ್ನಿ ಎಂದು. ಅದನ್ನು ಬರೆದ ಮಹಾನುಭಾವ ಯಾರೋ, ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.

ಸೀಟು ತೆಗೆದೆವು, ನೆಲದ ಹಲಗೆ ತೆಗೆದೆವು, ಕರುವಿನಷ್ಟು ಭಾರದ ಗಿಯರ್ ಬಾಕ್ಸನ್ನು ಇಬ್ಬರೂ ಅಪ್ಪಿಕೊಂಡು ಪಡಸಾಲೆಗೆ ತಂದೆವು. ಮುಚ್ಚಳ ತೆಗೆದು ಹಲ್ಲಿನ ಚಕ್ರಗಳನ್ನೆಲ್ಲ ಬಿಚ್ಚಿ, ಹಿಟ್ಟು ನಾದುವ ಪರಾತದಲ್ಲಿ ಜೋಡಿಸಿಟ್ಟೆ. ಅತ್ತೆಯವರು ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದರು.

"ಇವೆಲ್ಲಾ ಒಳಗಿದ್ದವೇನು?"

"ಹೂಂನ್ರಿ ಅತ್ತಿ."

"ತಿರುಗಿ ಒಳಗ ಹೋಗ್ತಾವೇನು?"

ಆ ಪ್ರಶ್ನೆಯನ್ನು ಅವರು ಅಷ್ಟು ಮೆಲ್ಲಗೆ ಕೇಳಬಾರದಿತ್ತು.

ಉಂಗುರವೇನೋ ಸರಿಯಾಗಿ ಕೂತಿತು. ಆದರೆ ಒಂದು ಚಕ್ರದೊಳಗೆ ಸೂಜಿಯಂಥ ನಲವತ್ತು ಚಿಲ್ಲರೆ ಉಕ್ಕಿನ ಕಡ್ಡಿಗಳನ್ನು ಸುತ್ತಲೂ ನಿಲ್ಲಿಸಬೇಕು. ಅವು ಬೀಳದಂತೆ ಗ್ರೀಸಿನಲ್ಲಿ ಅಂಟಿಸಬೇಕು. ಗ್ರೀಸ್ ಮುಗಿಯಿತು. ವಿಜ್ಞಾನದ ಪ್ರಕಾರ ಜಿಡ್ಡು ಅಂದರೆ ಜಿಡ್ಡು. ಅತ್ತೆಯವರ ಗಡಿಗೆಯಿಂದ ಬೆಣ್ಣೆ ತಂದೆ! ಬಾಗಲಕೋಟೆಯ ಮೇ ತಿಂಗಳ ಮಧ್ಯಾಹ್ನ ಅದು. ಬೆಣ್ಣೆ ಕರಗಿ ತುಪ್ಪವಾಗಿ ಕಡ್ಡಿಗಳೆಲ್ಲ ಝಲ್ಲೆಂದು ಉದುರಿದವು. ಮತ್ತೆ ನಿಲ್ಲಿಸಿದೆ. ಮತ್ತೆ ಉದುರಿದವು. ಎರಡು ದಿನ ಇದೇ ಆಯಿತು. ಇರುವೆಗಳ ಸಾಲು ಗಿಯರ್ ಬಾಕ್ಸಿನ ಒಂದು ತೂತಿನಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರತೊಡಗಿತು. ಕೊನೆಗೆ ನಮ್ಮವರು ಸೈಕಲ್ ಅಂಗಡಿಯಿಂದ ಗ್ರೀಸ್ ತಂದರು. ಮೊದಲೇ ಯಾಕೆ ತರಲಿಲ್ಲವೆಂದು ಅವರನ್ನೇ ಬೈದೆ.

ಏಳನೇ ದಿನ ಎಲ್ಲವೂ ಒಳಗೆ ಹೋಯಿತು. ಪರಾತದಲ್ಲಿ ಉಳಿದದ್ದು ಒಂದೇ, ಮೆಣಸಿನ ಕಾಳಿನಷ್ಟು ಚಿಕ್ಕ ಪಿನ್ನು.

"ಇದು ಎಲ್ಲಿದು?" ನಮ್ಮವರು ಅದನ್ನು ಎತ್ತಿ ಹಿಡಿದರು.

"ಇಷ್ಟು ಸಣ್ಣದು ಏನ್ ಮಾಡೀತು ಬಿಡ್ರಿ!"

ಗಿಯರ್ ಬಾಕ್ಸನ್ನು ಕಾರಿಗೆ ಮತ್ತೆ ಕೂರಿಸಿ, ಅಂಗಳದಲ್ಲಿ ಓಡಿಸಿ ನೋಡಿದೆವು. ಎರಡನೇ ಗಿಯರ್ ಬಿತ್ತು. ಸದ್ದೇ ಇಲ್ಲ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಸೊಲ್ಲಾಪುರದ ಗಾಡಿಗೆ ಮಾವನವರು ಬರುವವರಿದ್ದರು. ಸ್ಟೇಷನ್ನಿಗೆ ಕಾರು ಒಯ್ದು ಅವರನ್ನು ಬೆರಗುಗೊಳಿಸುವುದೆಂದು ನಿರ್ಧರಿಸಿದೆ. ಬರುವಾಗ ಎರಡು ಸೀಟಿನಲ್ಲಿ ಮೂವರು ಹಿಡಿಸುವುದಿಲ್ಲ, ನಮ್ಮವರು ನಡೆದು ಬಂದರಾಯಿತು ಎಂಬಷ್ಟು ಯೋಜನೆ ಸಿದ್ಧವಾಗಿತ್ತು.

ನಮ್ಮವರು ಬೆವರುತ್ತ ಓಡಿಸಿದರು. ನಾನು ಪಕ್ಕದಲ್ಲಿ ಕೂತು ಆಜ್ಞೆ ಕೊಟ್ಟೆ. ಸ್ಟೇಷನ್ನಿಗಿಂತ ಮೊದಲು ರೈಲು ಗೇಟು. ಗೇಟು ತೆರೆದೇ ಇತ್ತು. ಹಳಿ ದಾಟುವಲ್ಲಿ ಉಬ್ಬು. "ನಿಧಾನ ಮಾಡ್ರಿ, ಮೂರರಿಂದ ಎರಡಕ್ಕ ತರ್‍ರಿ," ಅಂದೆ. ತಂದರು. ಕಟ್ ಎಂದಿತು. ಎಂಜಿನ್ ಸತ್ತಿತು. ಹಿಂದಿನ ಚಕ್ರಗಳು ಹಳಿಗಳ ನಡುವೆ ಕಲ್ಲಾಗಿ ನಿಂತವು.

ಗೇಟಿನವನು ಓಡಿ ಬಂದ. "ಏನ್ರಿ ಸಾಹೇಬ್ರ, ಇಲ್ಲೇನು ಫೋಟೋ ತಗಸ್ಕೊಳ್ಳಾಕ ನಿಂತೀರೇನು? ಗಾಡಿ ಬರೂ ಹೊತ್ತಾತು, ತಗೀರಿ!"

ಗೇಟಿನ ಬಳಿಯಿದ್ದ ಐದಾರು ಜನ ದೂಡಿದರು. ಕಾರು ಕದಲಲಿಲ್ಲ.

"ಬ್ರೇಕ್ ಬಿಡ್ರಿ!"

"ಬ್ರೇಕ್ ಹಾಕೇ ಇಲ್ರಿ!" ಎಂದು ನಮ್ಮವರು ಅಳುವ ದನಿಯಲ್ಲಿ ಕೂಗಿದರು.

ಆ ಕ್ಷಣದಲ್ಲಿ ನನಗೆ ಜ್ಞಾನೋದಯವಾಯಿತು. ಎರಡು ಗಿಯರ್ ಒಂದೇ ಸಲ ಬಿದ್ದಿದ್ದವು. ಹಾಗೆ ಬೀಳದಂತೆ ತಡೆಯುವುದೇ ಆ ಮೆಣಸಿನ ಕಾಳಿನ ಕೆಲಸ! ಗಿಯರ್ ಕೋಲಿನ ಬುಡಕ್ಕೆ ಕೈ ತುರುಕಿ ಜಗ್ಗಿದೆ, ತಿರುವಿದೆ. ಬಂದದ್ದು ಕರಿ ಎಣ್ಣೆ ಮಾತ್ರ. ದೂರದಲ್ಲಿ ಸಿಳ್ಳು ಕೇಳಿಸಿತು. ಗೇಟಿನವನು ಕೆಂಪು ಬಾವುಟ ಹಿಡಿದು, ರುಮಾಲು ಬಿಚ್ಚಿಹೋದರೂ ಲೆಕ್ಕಿಸದೆ ಹಳಿಯ ಮೇಲೆ ಓಡಿದ. ಹೊಗೆ ಕಾಣಿಸಿತು. ಎಂಜಿನ್ ಕಾಣಿಸಿತು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ಗಾಡಿ ಒಂದು ಫರ್ಲಾಂಗು ದೂರದಲ್ಲಿ ಬುಸುಗುಡುತ್ತ ನಿಂತಿತ್ತು. ಮಂದಿ ಇಳಿದು ಇತ್ತ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೊಲ್ಲಾಪುರದ ಬಿಳಿ ಚಾದರ ಹಿಡಿದ ಮಾವನವರು!

"ಯಾವ ಶಾಣ್ಯಾರಿ ಅಂವಾ, ಹಳಿ ಮ್ಯಾಲೆ ಗಾಡಿ ನಿಲ್ಲಿಸಿದಾಂವ?" ಎನ್ನುತ್ತಲೇ ಬಂದರು. ಕೆಂಪು ಬಣ್ಣ ಕಂಡಿತು. ಮಾತು ಅಲ್ಲಿಗೇ ನಿಂತಿತು.

ನನ್ನನ್ನು ನೋಡಿದರು, ಮಗನನ್ನು ನೋಡಿದರು. ಚಾದರ, ಕೊಡೆ ನನ್ನ ಕೈಗೆ ತುರುಕಿ, ಧೋತರ ಮೇಲೆ ಕಟ್ಟಿ, ಕಾರಿನ ಹಿಂದಿನ ಮೂಲೆಗೆ ಹೆಗಲು ಕೊಟ್ಟರು. "ಎತ್ರಿ!" ಹದಿನಾಲ್ಕು ಜನ ಸೇರಿ ಕಾರನ್ನು ದೇವರ ಪಲ್ಲಕ್ಕಿಯಂತೆ ಎತ್ತಿ, ಹಳಿಯಾಚೆ ರಸ್ತೆ ಬದಿಗೆ ಇಳಿಸಿದರು. ರೈಲು ಸಿಳ್ಳು ಹಾಕುತ್ತ ಹಾದುಹೋಯಿತು. ಕಿಟಕಿಗಳಲ್ಲಿದ್ದವರೆಲ್ಲ ನಕ್ಕರು.

ಆಮೇಲೆ ಎಲ್ಲರೂ ನಮ್ಮವರ ಮೇಲೆ ಬಿದ್ದರು. "ಬರದಿದ್ದ ಮ್ಯಾಲೆ ಯಾಕ ಕೈ ಹಚ್ಚಬೇಕ್ರಿ?" "ಎಷ್ಟು ಮಂದಿ ಜೀವ ಹೋಗ್ತಿತ್ತು!" ಗೇಟಿನವನು ಬೈದ, ಚಕ್ಕಡಿಯವನು ಬೈದ, ಬೈಯಲೆಂದೇ ಸೈಕಲ್ ನಿಲ್ಲಿಸಿ ಒಬ್ಬ ಇಳಿದ. ನಮ್ಮವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಕೊಂಡರು. ಒಮ್ಮೆಯೂ ನನ್ನತ್ತ ನೋಡಲಿಲ್ಲ. ನಾನು ಚಾದರದ ಹಿಂದೆ ಅಡಗಿ ನಿಂತಿದ್ದೆ. ಬಹಳ ಹೊತ್ತು ಹಾಗೆ ನಿಲ್ಲಲು ಆಗಲಿಲ್ಲ.

"ಮಾವಾರ, ಅವರದೇನೂ ತಪ್ಪಿಲ್ರಿ. ಬಿಚ್ಚಿದಾಕಿ ನಾ."

ಮಾವನವರು ಚಾದರದ ಮೇಲೆ ಮೂಡಿದ್ದ ನನ್ನ ಹತ್ತೂ ಬೆರಳಿನ ಕರಿ ಗುರುತುಗಳನ್ನು ದಿಟ್ಟಿಸಿದರು.

"ಗೊತ್ತವ್ವ," ಅಂದರು. "ಇವ ಕೆಡಿಸಿದ್ರ ಗಾಡಿ ಮನಿಯಾಗ ಕೆಟ್ಟು ನಿಂತಿರ್ತಿತ್ತು. ರೈಲಿನ ಹಳಿ ಮಟಾ ತಂದು ಕೆಡಿಸಬೇಕಂದ್ರ ಅದಕ್ಕ ಕಲಿತವರ ಬೇಕು."

ಮದುವೆಯಾಗಿ ಬಂದ ಮೇಲೆ ನನ್ನ ವಿದ್ಯೆಯನ್ನು ಆ ಮನೆಯವರು ಹೊಗಳಿದ್ದು ಅದೇ ಮೊದಲು. ಅದೂ ಇಷ್ಟು ಮಂದಿಯ ಎದುರಿಗೆ!