ಕಚ್ಚಿಕೊಂಡ ಪಂಖಾ

ದೇವರನ್ನು ಕರೆಯುವ ವಿಧಿಯನ್ನು ನಮ್ಮ ಪಾಠಶಾಲೆಯಲ್ಲಿ ಎಷ್ಟು ಶ್ರದ್ಧೆಯಿಂದ ಕಲಿಸಿದರೋ, ಕರೆದ ದೇವರನ್ನು ಕಳುಹಿಸಿಕೊಡುವ ವಿಧಿಯನ್ನು ಅಷ್ಟು ಶ್ರದ್ಧೆಯಿಂದ ಕಲಿಸಲಿಲ್ಲ. ಆವಾಹನೆ, ಆಸನ, ಪಾದ್ಯ, ಅರ್ಘ್ಯ ಎಂದು ಇಡೀ ಬೆಳಗು ಸಾಗುತ್ತಿತ್ತು. ಉದ್ವಾಸನೆಯ ಹೊತ್ತಿಗೆ ಗುರುಗಳಿಗೂ ಹಸಿವು, ಶಿಷ್ಯರಿಗೂ ಹಸಿವು. ನಾಲ್ಕು ಅಕ್ಷತೆ ಚೆಲ್ಲಿ, ದೇವರು ತಾನಾಗಿ ದಾರಿ ಹಿಡಿದು ಹೋಗುತ್ತಾನೆಂಬ ಭರವಸೆಯಲ್ಲಿ ನಾವು ದಾಸೋಹದ ಮನೆಯ ದಾರಿ ಹಿಡಿಯುತ್ತಿದ್ದೆವು. ನನ್ನ ವಿದ್ಯೆಯ ಈ ಸಣ್ಣ ಕೊರತೆ ನನ್ನ ಇಳಿವಯಸ್ಸಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಒಂದು ಶವದ ಸಮ್ಮುಖದಲ್ಲಿ, ಒಂದು ದೋಣಿಯ ಮೋಟಾರಿನ ಕಾರಣದಿಂದ ನನ್ನ ಎದುರಿಗೆ ಬಂದು ನಿಲ್ಲುತ್ತದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಮ್ಮೂರು ಸುರಪುರ ತಾಲೂಕಿನ ಅಂಚಿನಲ್ಲಿ, ತಿಂಥಣಿಯಿಂದ ಹೊಳೆಗುಂಟ ಸ್ವಲ್ಪ ದೂರದಲ್ಲಿದೆ. ಊರಿನ ಎದುರಿಗೆ ನಡುನೀರಿನಲ್ಲಿ ಒಂದು ಗಡ್ಡೆ. ಅದರ ಮೇಲೆ ಹೊಲಗಳು, ಒಂದಿಷ್ಟು ಮನೆಗಳು. ಅಲ್ಲಿಯ ಜನರು ಈ ದಂಡೆಗೆ ಬರಲೆಂದು ನಮ್ಮ ಗುಡಿಗೆ ಭಕ್ತರೊಬ್ಬರು ಒಂದು ತಗಡಿನ ದೋಣಿಯನ್ನೂ ಅದರ ಹಿಂಬದಿಗೆ ಸಿಕ್ಕಿಸುವ ಒಂದು ಮೋಟಾರನ್ನೂ ದಾನ ಕೊಟ್ಟಿದ್ದರು. ದಾನ ಕೊಡುವಾಗಲೇ ಆ ಮೋಟಾರು ಮುದಿಯಾಗಿತ್ತು. ಆ ದೋಣಿಯನ್ನು ನಡೆಸುತ್ತಿದ್ದವನು ಗಡ್ಡೆಯ ರೈತ, ನನ್ನ ಬಾಲ್ಯದ ಗೆಳೆಯ ಶರಣಪ್ಪ. ಗುಡಿಯ ಪೂಜೆಯ ಹೊಣೆ ನನ್ನದಾದ್ದರಿಂದ, ಪ್ರತಿ ಮಹಾನವಮಿಗೆ ಮೋಟಾರಿನ ಪೂಜೆಯ ಹೊಣೆಯೂ ನನ್ನದೇ ಆಯಿತು.

ಮೋಟಾರಿನ ಪೂಜೆಗೆ ಆಗಮಗಳಲ್ಲಿ ವಿಧಿಯಿಲ್ಲ. ನಾನೇ ವಿಚಾರ ಮಾಡಿ ನಿರ್ಣಯಿಸಬೇಕಾಯಿತು. ಮೇಲಿನ ಡಬ್ಬಿ ಶಿರಸ್ಸು. ಅದರಲ್ಲಿ ಸದ್ದೂ ಹೊಗೆಯೂ ಇರುವುದರಿಂದ ಈ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಕೆಳಗಿನ ಪಂಖಾ, ಅಂದರೆ ನೀರಿನಲ್ಲಿ ತಿರುಗಿ ದೋಣಿಯನ್ನು ನೂಕುವ ಮೂರು ರೆಕ್ಕೆಯ ಚಕ್ರ, ನಡೆಸುವ ಅಂಗವಾದ್ದರಿಂದ ಪಾದವೆಂದು ಗೊತ್ತುಮಾಡಿದೆ. ಪಾದವೆಂದ ಮೇಲೆ ಪಾದಪೂಜೆ ತಪ್ಪುವುದಿಲ್ಲ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಕೂಡಿಸಿದ ಪಂಚಾಮೃತವನ್ನು ವರ್ಷವರ್ಷವೂ ಪಂಖಾದ ರೆಕ್ಕೆಗಳು ಕೂಡುವ ನಡುಗುಂಡಿಗೆಯ ಮೇಲೆ ಧಾರೆಯಾಗಿ ಎರೆದೆ, ವಿಭೂತಿ ಹಚ್ಚಿದೆ, ಕಂಕಣ ಕಟ್ಟಿದೆ. ಶರಣಪ್ಪ ಕೈಮುಗಿದು ನಿಂತು, ಪ್ರಸಾದಕ್ಕೆಂದು ಪಂಖಾದ ಕೆಳಗೆ ಬೊಗಸೆ ಒಡ್ಡುತ್ತಿದ್ದ. ಒಳಗೆ ಇಳಿದದ್ದೆಷ್ಟು, ಬೊಗಸೆಗೆ ಬಂದದ್ದೆಷ್ಟು ಎಂದು ನಾವು ವಿಚಾರಿಸಿದವರಲ್ಲ.

ಹೋದ ಬೇಸಿಗೆಯಲ್ಲಿ ಪಂಖಾ ಬಂಡೆಗೆ ತಾಗಿ ಒಂದು ರೆಕ್ಕೆ ಮುರಿಯಿತು, ಇನ್ನೊಂದು ಮಣಿಯಿತು. ಶರಣಪ್ಪ ಹೈದರಾಬಾದಿನಿಂದ ಹೊಸದನ್ನು ತರಿಸಿ ಗುಡಿಯಲ್ಲಿಟ್ಟ. ಅದನ್ನು ಜೋಡಿಸುವ ಮೊದಲೇ ಹಾಸಿಗೆ ಹಿಡಿದು, ಶಹಾಪುರದ ಮಗಳ ಮನೆಯಲ್ಲಿ, ಶ್ರಾವಣದ ಒಂದು ಬೆಳಗಿನ ಜಾವ ಶಿವನ ಪಾದ ಸೇರಿದ. ಅವನ ಕೋರಿಕೆ ಒಂದೇ ಆಗಿತ್ತು: ಗಡ್ಡೆಯ ಮೇಲೆ, ತನ್ನ ಹೊಲದಲ್ಲಿ, ತಾಯಿಯ ಸಮಾಧಿಯ ಪಕ್ಕದಲ್ಲಿ ತನ್ನನ್ನು ಮಣ್ಣು ಮಾಡಬೇಕು.

ಟೆಂಪೊದಲ್ಲಿ ಅವನನ್ನು ಹೊಳೆಯ ಘಾಟಿಗೆ ತಂದಾಗ ಹೊತ್ತು ಏರಿತ್ತು. ಮೇಲಿನ ಅಣೆಕಟ್ಟಿನ ಗೇಟು ತೆಗೆಯುತ್ತಾರೆ, ಸಂಜೆಯೊಳಗೆ ಹೊಳೆ ತುಂಬುತ್ತದೆ ಎಂದು ಡಂಗುರ ಹೊಡೆದಾಗಿತ್ತು. ಆಚೆ ಗಡ್ಡೆಯಲ್ಲಿ ಕುಣಿ ತೋಡಿ ಕಾದಿದ್ದರು. ಮುರಿದ ಪಂಖಾದಿಂದ ಆ ಸೆಳವಿನಲ್ಲಿ ದೋಣಿ ದಾಟುವಂತಿರಲಿಲ್ಲ. ಹರಗೋಲಿನವನು ಬಂದು ನೀರನ್ನೂ ಶವವನ್ನೂ ಒಮ್ಮೆ ನೋಡಿ, ಹುಟ್ಟನ್ನು ಹೆಗಲಿಗೇರಿಸಿಕೊಂಡು ಮನೆಗೆ ಹೋದ. ಆದ್ದರಿಂದ ಸಂಜೆಯೊಳಗೆ ಹಳೆಯ ಪಂಖಾ ಬಿಚ್ಚಬೇಕು, ಹೊಸದು ಕೂಡಬೇಕು, ಶರಣಪ್ಪ ದಾಟಬೇಕು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ, ಹಣೆಗೆ ವಿಭೂತಿ ಧರಿಸಿ, ಗದ್ದಕ್ಕೆ ಬಿಗಿದ ವಸ್ತ್ರದಲ್ಲಿ ಶರಣಪ್ಪ ಘಾಟಿನ ಬೇವಿನ ನೆರಳಿಗೆ ಕುಳಿತಿದ್ದ. ಎದುರಿಗೆ ನಾಲ್ಕು ಕಾಲಿನ ಕಟ್ಟಿಗೆಯ ಚೌಕಟ್ಟಿನ ಮೇಲೆ ಅವನ ಮೋಟಾರನ್ನು ನಿಲ್ಲಿಸಿದ್ದರು. ಕೆಲಸ ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ನೋಡಲು ಬಂದು ಕುಳಿತವನಂತೆಯೇ ಕಾಣುತ್ತಿದ್ದ. ಪಕ್ಕದಲ್ಲಿ ಅವನ ಮಡದಿ ನೀಲಮ್ಮ, ನೊಣ ಹೊಡೆಯುವ ಬೀಸಣಿಗೆ ಹಿಡಿದು, ಅಳುವುದನ್ನು ಮುಗಿಸಿ ಕುಳಿತಿದ್ದಳು.

ಬಿಚ್ಚಲು ಹುಣಸಗಿಯ ಟ್ರ್ಯಾಕ್ಟರ್ ಮೇಸ್ತ್ರಿ ಖಾಜಾಸಾಬನನ್ನು ಕರೆಸಿದ್ದೆವು. "ಇದೇನು ದೊಡ್ಡ ಮಾತ್ರಿ, ಚಾ ಕುದಿಯೂದ್ರಾಗ ತೆಗದು ಕೊಡ್ತೀನಿ" ಎಂದ. ನಟ್ಟು ಬಂತು. ಅದರ ಹಿಂದಿನ ವಾಷರು ಬಂತು. ಪಂಖಾ ಮಾತ್ರ ತಾನು ಕೂತಿದ್ದ ಉಕ್ಕಿನ ದಂಡವನ್ನು ಬಿಡಲಿಲ್ಲ. ಡೀಸೆಲ್ ಹನಿಸಿದರು, ಹಗ್ಗ ಕಟ್ಟಿ ಎಳೆದರು, ಹಾರೆಯಿಂದ ಮೀಟಿದರು. ಚಹಾ ಕುದಿಯಿತು, ಕುಡಿದಾಯಿತು, ಮತ್ತೆ ಕುದಿಯಿತು.

ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಳಿಯ ಬಸಣ್ಣನಿಗೆ ತಾಳ್ಮೆ ತಪ್ಪಿತು. "ನಮ್ಮ ಮಾವ ಇದ್ದಿದ್ರ ಇಷ್ಟೊತ್ತಿಗೆ ಕಿತ್ತು ಒಗಿತಿದ್ದ" ಎಂದ.

"ಇಲ್ಲೇ ಕುಂತಾನಲ್ಲ, ಕೇಳ್ರಿ" ಎಂದ ಖಾಜಾಸಾಬ್, ತಲೆ ಎತ್ತದೆ. "ಬೆಳಗಿಂದ ಒಂದು ಮಾತು ಆಡಿಲ್ಲ. ಇಲ್ಲಿ ಇದ್ದವರೊಳಗ ಅವನೊಬ್ಬನೇ ಕೆಲಸಾ ಮಾಡಾಕ ಬಿಟ್ಟಾನ."

ಕಡೆಗೆ ಅವನು ಸುತ್ತಿಗೆ ಕೈಗೆತ್ತಿಕೊಂಡ. ಎತ್ತಿದ ಕೈ ಹಾಗೆಯೇ ನಿಂತಿತು. ನನ್ನ ಕಡೆ ತಿರುಗಿ, "ಸ್ವಾಮ್ಯಾರ, ಇದಕ್ಕ ವಿಭೂತಿ ಹಚ್ಚೀರಿ, ಕಂಕಣ ಕಟ್ಟೀರಿ. ನಾ ಹ್ಯಾಂಗ ಹೊಡಿಲಿ?" ಎಂದ.

"ಹೊಡಿಯಪ್ಪ, ಅದು ಬರೇ ಲೋಹ" ಎಂದೆ.

"ನವಮಿ ದಿನ ನೀವು ಲೋಹ ಅಂದಿದ್ದಿಲ್ಲರಿ. ದೇವ್ರು ಅಂದ್ರಿ, ನನ್ನ ಕೈಲೇನೂ ಕಾಯಿ ಒಡಸಿದ್ರಿ. ಮೊದಲ ಆ ದೇವ್ರನ್ನ ಎಬ್ಬಿಸಿ ಕಳಸ್ರಿ, ಆಮ್ಯಾಲ ಹೊಡಿತೀನಿ. ನಾಳಿ ದೋಣಿ ಮುಳುಗಿದ್ರ ಸಾಬ ಹೊಡೆದಾನಂತ ನನ್ನ ಹೆಸರು ಬರ್ತದ."

ಅವನ ವಾದದಲ್ಲಿ ತರ್ಕದೋಷವಿರಲಿಲ್ಲ. ನಾನು ಕೈಕಾಲು ತೊಳೆದು ಬಂದು, ಮೋಟಾರಿನ ಮುಂದೆ ಕುಳಿತೆ. ಕುಳಿತ ಮೇಲೆ ತಿಳಿಯಿತು: ಅದರಲ್ಲಿ ಯಾರನ್ನು ಆವಾಹಿಸಿದ್ದೆನೆಂಬುದೇ ನನಗೆ ನೆನಪಿಲ್ಲ. ನೀರಿನ ಸಂಬಂಧದಿಂದ ವರುಣನನ್ನು ಕರೆದಿರಬಹುದು. ಪಂಖಾ ಎಂದ ಮೇಲೆ ವಾಯುವನ್ನು ಕರೆದಿರಬಹುದು. ರೂಢಿಯ ಬಲದಿಂದ ವೀರಭದ್ರನನ್ನೂ ಕರೆದಿರಬಹುದು. ಮನೆಗೆ ಕರೆದ ಅತಿಥಿಯ ಹೆಸರು ಮರೆತು ಬೀಳ್ಕೊಡುವ ಯಜಮಾನನ ಅವಸ್ಥೆ ನನ್ನದು. ಮೂವರಿಗೂ ಅಕ್ಷತೆ ಹಾಕಿ, ಮೂವರನ್ನೂ ಬೀಳ್ಕೊಟ್ಟೆ. ನಾಲ್ಕನೆಯವರು ಯಾರಾದರೂ ಇದ್ದಾರೇನೋ ಎಂದು ಮತ್ತೊಮ್ಮೆ ಅಕ್ಷತೆ ಹಿಡಿದಾಗ ನೀಲಮ್ಮ ಮೊದಲ ಸಲ ಬಾಯಿ ತೆರೆದಳು.

"ಎಲ್ಲಾರ್ನೂ ಕಳಸಬ್ಯಾಡ್ರಿ ಸ್ವಾಮ್ಯಾರ. ದಾಟೂತನಾ ಯಾರರ ಒಬ್ಬರು ಇರ್ಲಿ."

ಹಿಡಿದ ಅಕ್ಷತೆಯನ್ನು ನಾನು ಮತ್ತೆ ಬಟ್ಟಲಿಗೆ ಹಾಕಿದೆ.

ಸುತ್ತಿಗೆ ಬಿತ್ತು. ಸಾವಿನ ಸನ್ನಿಧಿಯಲ್ಲಿ ಲೋಹದ ಸದ್ದು ಎಷ್ಟು ಕ್ರೂರವಾಗಿರುತ್ತದೆಂಬುದು ಕೇಳಿದವರಿಗೇ ಗೊತ್ತು. ಪ್ರತಿ ಪೆಟ್ಟಿಗೂ ವಿಮಾನದ ಹೂಗಳು ನಡುಗಿದವು. ನಾಲ್ಕಾರು ಪೆಟ್ಟುಗಳ ಮೇಲೆ ಗದ್ದದ ವಸ್ತ್ರ ಸಡಿಲಿ ಶರಣಪ್ಪನ ತಲೆ ಒಂದು ಪಕ್ಕಕ್ಕೆ ವಾಲಿತು. ಬದುಕಿದ್ದಾಗ ನನ್ನ ಪುರಾಣ ಪ್ರವಚನ ದೀರ್ಘವಾದಾಗಲೆಲ್ಲ ಅವನು ಹೀಗೆಯೇ ತಲೆ ವಾಲಿಸುತ್ತಿದ್ದ. ನಾನೇ ಎದ್ದು ಸರಿಪಡಿಸಿದೆ. ಅವನ ಕೆನ್ನೆ ತಣ್ಣಗಿತ್ತು. ಮೋಟಾರಿನ ಚಿಂತೆಯಲ್ಲಿ, ಅವನು ಸತ್ತಿದ್ದಾನೆಂಬುದು ಬೆಳಗಿನಿಂದ ನನಗೆ ಪೂರ್ತಿ ತಿಳಿದಿರಲಿಲ್ಲ. ಆ ಕ್ಷಣ ತಿಳಿಯಿತು.

ಪೆಟ್ಟಿಗೂ ಪಂಖಾ ಬಾರದಿದ್ದಾಗ ಖಾಜಾಸಾಬ್ ಬ್ಲೋ ಲ್ಯಾಂಪ್ ಹೊತ್ತಿಸಿ ಅದರ ನಡುಗುಂಡಿಗೆಯನ್ನು ಕಾಸತೊಡಗಿದ. ಸ್ವಲ್ಪ ಹೊತ್ತಿಗೆ ಘಾಟಿನ ತುಂಬ ಒಂದು ಪರಿಮಳ ಹಬ್ಬಿತು. ತುಪ್ಪ ಕಾದು, ಸಕ್ಕರೆ ಕೆಂಪಾಗುವ ಪರಿಮಳ. ಬೆಳಗಿನಿಂದ ಯಾರೂ ಉಂಡಿರಲಿಲ್ಲ. ಶವದ ಮುಂದೆ ಅಷ್ಟೂ ಜನರ ಬಾಯಲ್ಲಿ ನೀರೂರಿತು. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಹೊಳೆಯ ಕಡೆ ನೋಡಿದರು.

"ಯಾರೋ ಪಾಕಾ ಹೊತ್ತಸಾಕತ್ತಾರ" ಎಂದಳು ನೀಲಮ್ಮ.

ನಡುಗುಂಡಿಗೆಯಿಂದ ಕರಿಯ ರಸ ಜಿನುಗುತ್ತಿತ್ತು. ಖಾಜಾಸಾಬ್ ಅದನ್ನು ಕಡ್ಡಿಯಿಂದ ತೆಗೆದು ಮೂಸಿದ. ನನ್ನ ಮುಖ ನೋಡಿದ. "ಗ್ರೀಸ್ ಇರೂ ಜಾಗಾದಾಗ ಮಿಠಾಯಿ ಅದರಿ ಸ್ವಾಮ್ಯಾರ. ನೀರು ಹೊಕ್ಕು, ಜಂಗು ಹಿಡದು, ಎಲ್ಲಾ ಕೂಡಿ ಕಲ್ಲಾಗ್ಯದ" ಎಂದ. ಮರುಕ್ಷಣ ಕಡ್ಡಿಯನ್ನು ಬಿಸಾಕಿ ಎದ್ದ. ಹೋದ ನವಮಿಗೆ ಅವನ ಅಂಗಡಿಯ ಜಾಕಿಗೂ ಕಂಪ್ರೆಸರಿಗೂ ಅವನೇ ಕರೆಸಿ ನನ್ನ ಕೈಯಿಂದ ಅದೇ ಅಭಿಷೇಕ ಮಾಡಿಸಿದ್ದ. ಬೇವಿನ ಮರೆಗೆ ಹೋಗಿ ಅಂಗಡಿಗೆ ಫೋನು ಮಾಡಿ, ತಗ್ಗಿದ ದನಿಯಲ್ಲಿ, "ಆ ಜಾಕಿ ಜರಾ ತಿರುವಿ ನೋಡ್ರಿ" ಎನ್ನುತ್ತಿದ್ದದ್ದು ನನಗೆ ಕೇಳಿಸಿತು.

ಹೊಳೆ ಅಷ್ಟರಲ್ಲಿ ಘಾಟಿನ ಕೆಳಗಿನ ಮೆಟ್ಟಿಲುಗಳನ್ನು ನುಂಗಿತ್ತು. ನೀರಿನ ಬಣ್ಣ ತಿರುಗಿ, ಮೇಲಿನಿಂದ ಗಿಡಗಂಟಿ ತೇಲಿಬರತೊಡಗಿತ್ತು. ಆಚೆ ಗಡ್ಡೆಯ ಮೇಲೆ ಕುಣಿ ತೋಡಿದವರು ಸಾಲಾಗಿ ನಿಂತು ನಮ್ಮ ಕಡೆ ನೋಡುತ್ತಿದ್ದರು. ಬಸಣ್ಣ ಸುತ್ತಿಗೆಯನ್ನು ತಾನೇ ಕಸಿದುಕೊಂಡು ಹೊಡೆಯಲು ಹೋದ. ನೀಲಮ್ಮ ಎದ್ದು ಬಂದು ಅವನ ಮುಂಗೈ ಹಿಡಿದಳು.

"ಸಾಕು ಬಿಡಪ್ಪ. ಅವರ ಮುಂದ ಆ ಸಪ್ಪಳ ಬ್ಯಾಡ. ಇವತ್ತು ದೋಣಿ ದಾಟೂದಿಲ್ಲ."

ಹಾಗಾದರೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಈ ದಂಡೆಯಲ್ಲಿ ಅವರಿಗೆ ಅಂಗೈಯಷ್ಟು ನೆಲವಿಲ್ಲ. ಹೊಳೆ ಇಳಿಯುವವರೆಗೆ ಶವ ಕಾಯುವುದಿಲ್ಲ. ಘಾಟಿನ ಮೇಲ್ಭಾಗದಲ್ಲಿ ನನ್ನ ಹೊಲವಿದೆ. ಅದರ ಮೂಲೆಯಲ್ಲಿ ನನ್ನ ಪತ್ನಿಯ ಸಮಾಧಿ. ಅದರ ಬಲಕ್ಕೆ ನನಗಾಗಿ ಬಿಟ್ಟುಕೊಂಡ ಜಾಗ. ಇದು ಊರಿಗೆಲ್ಲ ಗೊತ್ತು. ಆದ್ದರಿಂದಲೇ ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಕೂಡಲೇ ಹೇಳಿದೆನೆಂದು ಬರೆದರೆ ಸುಳ್ಳಾಗುತ್ತದೆ. ಖಾಜಾಸಾಬ್ ಲ್ಯಾಂಪು ಆರಿಸಿ, ಅದು ತಣ್ಣಗಾಗಿ, ಅವನು ಅದನ್ನು ಚೀಲಕ್ಕೆ ಹಾಕುವಷ್ಟು ಹೊತ್ತು ಸುಮ್ಮನಿದ್ದೆ. ದೇಹ ನಶ್ವರ, ನೆಲವೆಲ್ಲ ಶಿವನದು ಎಂದು ಮನೆಮನೆಗಳಲ್ಲಿ ಹೇಳಿಕೊಂಡು ಬಂದ ನಾಲಿಗೆ, ಒಂದು ಕುಣಿಯ ನೆಲದ ವಿಷಯಕ್ಕೆ ಬಂದಾಗ ಆ ಪಂಖಾದಂತೆಯೇ ಕಚ್ಚಿಕೊಂಡು ನಿಂತಿತು.

"ಶರಣಪ್ಪ ನಮ್ಮ ಹೊಲದಾಗ ಕೂಡ್ಲಿ" ಎಂದು ಕಡೆಗೆ ಹೇಳಿದೆ.

ನೀಲಮ್ಮ ನನ್ನ ಪಾದ ಮುಟ್ಟಲು ಬಗ್ಗಿದಳು. ಅದನ್ನು ತಡೆಯುವಷ್ಟು ಮರ್ಯಾದೆ ನನ್ನಲ್ಲಿ ಉಳಿದಿತ್ತು.

ಕತ್ತಲಾಗುವ ಮೊದಲು ಕ್ರಿಯೆ ಮುಗಿಸಿದೆವು. ಬಿಲ್ವಪತ್ರೆ ಹಾಕಿ, ವಿಭೂತಿಯ ಗಟ್ಟಿಗಳನ್ನಿಟ್ಟು, ನಾನೇ ಮಂತ್ರ ಹೇಳಿದೆ. ಶರಣಪ್ಪ ನನಗಿಂತ ಎತ್ತರದವನಾದ್ದರಿಂದ ಕುಣಿಯನ್ನು ಆಳ ಮಾಡಬೇಕಾಯಿತು. ನನ್ನ ಪತ್ನಿಗೆ ಅವನ ನಶ್ಯದ ವಾಸನೆಯೂ, ಮನೆ ನಡುಗುವಂಥ ಸೀನೂ ಎಂದೂ ಆಗಿಬರಲಿಲ್ಲ. ಆಕೆಯ ಸಮಾಧಿಯ ಮೇಲೂ ಒಂದು ಪತ್ರೆ ಇಟ್ಟು, ಮನಸ್ಸಿನಲ್ಲಿಯೇ ಕ್ಷಮೆ ಬೇಡಿದೆ.

ಮರುದಿನ ಬೆಳಿಗ್ಗೆ ಸಾಮಾನು ಒಯ್ಯಲು ಬಂದ ಖಾಜಾಸಾಬ್ ಪಂಖಾವನ್ನು ಹಿಡಿದು ಅಲುಗಿಸಿದ. ರಾತ್ರಿಯೆಲ್ಲ ಡೀಸೆಲು ಒಳಗೆ ಇಳಿದಿತ್ತೋ ಏನೋ, ಹಣ್ಣು ತೊಟ್ಟು ಕಳಚುವಂತೆ ಅದು ಅವನ ಕೈಗೆ ಬಂತು. ಅವನು ಅದನ್ನು ಹೊಳೆಯ ನೀರಿನಲ್ಲಿ ತೊಳೆದು ನನ್ನ ಕೈಗಿಟ್ಟ. ನಾನು ಗುಡಿಯಿಂದ ಹೊಸದನ್ನು ತಂದು ಅವನ ಕೈಗಿಟ್ಟೆ.

ನೀರು ಇಳಿದ ಮೇಲೆ, ಹೊಸ ಪಂಖಾದ ದೋಣಿಯಲ್ಲಿ ನೀಲಮ್ಮ ಗಡ್ಡೆಗೆ ಮರಳಿದಳು. ನಾನೂ ಜೊತೆಗೆ ಹೋದೆ. ತೋಡಿದ ಕುಣಿಯನ್ನು ಬರಿದಾಗಿ ಮುಚ್ಚಬಾರದೆಂದು ಅಲ್ಲಿಯವರು ಆ ಸಂಜೆಯೇ ಅದರಲ್ಲಿ ಒಂದು ಬೂದುಗುಂಬಳಕಾಯಿ ಇಟ್ಟು ಮಣ್ಣು ಎಳೆದಿದ್ದರು. ಆ ದಿಬ್ಬದ ಮುಂದೆ ನಿಂತು ನೀಲಮ್ಮ, "ನಿಮ್ಮ ಜಾಗಾ ನಮ್ಮವರು ತಗೊಂಡ್ರು ಸ್ವಾಮ್ಯಾರ. ಇನ್ಮ್ಯಾಲ ಇದು ನಿಮ್ಮದು. ಕುಂಬಳಕಾಯಿ ಸರಿಸಿದ್ರ ಆತು, ಹೊಸದಾಗಿ ತೋಡೂದೇನಿಲ್ಲ" ಎಂದಳು. ಬೇಡವೆಂದರೆ ಆಕೆಯ ಮಾನಕ್ಕೆ ಕುಂದು. "ಆಗಲಿ ತಾಯಿ" ಎಂದೆ.

ಉತ್ತರಾಯಣದಲ್ಲಿ ದೇಹ ಬಿಡುವುದು ಶ್ರೇಷ್ಠವೆಂದು ನಾನು ಹಿಂದಿನಿಂದಲೂ ಪ್ರವಚನಗಳಲ್ಲಿ ಹೇಳುತ್ತಿದ್ದೇನೆ. ಈಗ ಅದರಲ್ಲಿ ನನ್ನ ಶ್ರದ್ಧೆ ಇಮ್ಮಡಿಯಾಗಿದೆ. ಆ ತಿಂಗಳುಗಳಲ್ಲಿ ಹೊಳೆ ತಗ್ಗಿರುತ್ತದೆ. ಆದರೂ ಪ್ರಾಣವನ್ನು ನಂಬುವಂತಿಲ್ಲವಾದ್ದರಿಂದ, ಅಮಾವಾಸ್ಯೆಗೊಮ್ಮೆ ಖಾಜಾಸಾಬನನ್ನು ಕರೆಸಿ, ಪಂಖಾವನ್ನು ಬಿಚ್ಚಿಸಿ, ಅದರ ದಂಡಕ್ಕೆ ನನ್ನ ಕೈಯಿಂದಲೇ ಗ್ರೀಸು ಹಚ್ಚಿ, ಮತ್ತೆ ಕೂಡಿಸುತ್ತೇನೆ. ಘಾಟಿಗೆ ನೀರಿಗೆ ಬಂದವರು ನೋಡಿ, ಈ ವಯಸ್ಸಿನಲ್ಲಿಯೂ ಜನರಿಗಾಗಿ ಎಂಥ ಸೇವೆ ಎಂದು ಕೈಮುಗಿಯುತ್ತಾರೆ. ನಾನು ಕಣ್ಣು ಮುಚ್ಚಿ ಆಶೀರ್ವದಿಸುತ್ತೇನೆ. ಒಳಗಿನ ವಿಷಯ ತಿಳಿದವನು ಖಾಜಾಸಾಬನೊಬ್ಬನೇ. ಗ್ರೀಸಿನ ಡಬ್ಬಿಯನ್ನು ನನ್ನ ಕಡೆ ಸರಿಸುತ್ತಾ, "ಜರಾ ಹೆಚ್ಚಿಗಿ ಹಚ್ಚರಿ ಸ್ವಾಮ್ಯಾರ. ನೀವು ಶರಣಪ್ಪಗಿಂತ ಭಾರ ಅದೀರಿ" ಎನ್ನುತ್ತಾನೆ. ನಾನು ಹೆಚ್ಚಿಗೆ ಹಚ್ಚುತ್ತೇನೆ.