ಕೆಂಚಿಗೆ ಮಡಿಲಕ್ಕಿ

ರಾಮಾಯಣವೆಲ್ಲ ಶುರುವಾದದ್ದು ಒಂದು ಸ್ಟೀಲ್ ಡಬ್ಬಿಯ ಮುಚ್ಚಳದಿಂದ. ಬೆಳಿಗ್ಗೆ ಗಾಜಿನ ಮನೆಯೊಳಗೆ ಮರದ ಬುಡ ಗುಡಿಸುತ್ತಿದ್ದ ದ್ವಾರಕಾನಾಥನಿಗೆ ಅದು ಒಣಹುಲ್ಲಿನ ನಡುವೆ ಸಿಕ್ಕಿತು. ಎತ್ತಿ ಮೂಸಿದ. ತುಪ್ಪ, ಏಲಕ್ಕಿ, ಸಂಶಯವೇ ಇಲ್ಲ, ಕೇಸರಿಬಾತು. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ ಅದನ್ನು ಜೇಬಿಗಿಳಿಸಿದ.

ಟ್ರಾಯ್ ಪಟ್ಟಣದಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡಿಕೊಂಡು ಸುಖವಾಗಿದ್ದವನು ಅವನು. ರಿಸೆಶನ್ ಬಂದು ಅರ್ಧ ಆಫೀಸೇ ಖಾಲಿಯಾದಾಗ ಅವನೂ ಹೊರಬಿದ್ದ. ಕಂಡಕಂಡಲ್ಲಿ ಅಪ್ಲೈ ಮಾಡಿ ಕೊನೆಗೆ ಸಿಕ್ಕಿದ್ದು ಆನ್ ಆರ್ಬರ್ ಊರಿನಿಂದಾಚೆ ಅನಾಥ ಪ್ರಾಣಿಗಳ ಕೇಂದ್ರದಲ್ಲಿ ಒಂದು ಒರಾಂಗುಟಾನ್ ಮರಿಗೆ ತಾಯಿಯಾಗುವ ಕೆಲಸ. ಕಳ್ಳಸಾಗಣೆಯವರ ಪೆಟ್ಟಿಗೆಯಲ್ಲಿ ಸಿಕ್ಕಿದ್ದ ಆ ಹೆಣ್ಣುಮರಿಗೆ ಕೆಂಚಿ ಅಂತ ಹೆಸರಿಟ್ಟವನೂ ಅವನೇ. ಕೆಂಪು ತುಪ್ಪಳದ ಜಾಕೆಟ್ ತೊಟ್ಟು, ಮರ ಹತ್ತಿ, ಕೊಂಬೆ ಬಗ್ಗಿಸಿ ಗೂಡು ಕಟ್ಟುವುದನ್ನು ತೋರಿಸಿಕೊಡಬೇಕಿತ್ತು. ಕೆಂಚಿ ಕಲಿಯುವ ಮೊದಲು ಇವನು ಕಲಿಯಬೇಕಾಯಿತು, ಸಾಕಷ್ಟು ಸಲ ಬೀಳಬೇಕಾಯಿತು. ಮಗಳು ರಿಯಾ ಸ್ಕೂಲಿನಲ್ಲಿ "ಮೈ ಡ್ಯಾಡ್ ಈಸ್ ಎ ಮಮ್ಮಿ" ಎಂದು ಹೇಳಿಕೊಂಡು ಬಂದಳು.

ಕೇಂದ್ರದಲ್ಲಿ ಒಂದು ನಿಯಮ ಮಾತ್ರ ಮೀರುವಂತಿರಲಿಲ್ಲ. ಮರಿ ಮನುಷ್ಯರ ಕೈಯಿಂದ ತಿನ್ನಕೂಡದು. ಹಣ್ಣನ್ನು ಕೊಂಬೆಯ ಮೇಲಿಟ್ಟು ಸುಮ್ಮನೆ ಬರಬೇಕು. ಮನುಷ್ಯರನ್ನು ನಂಬಿದ ಮರಿ ನಾಳೆ ಕಾಡಿನಲ್ಲಿ ಬೇಟೆಗಾರನನ್ನೂ ನಂಬುತ್ತದೆ. ಆ ಮಧ್ಯಾಹ್ನ ಶಿಕಾಗೋದಿಂದ ಡಾಕ್ಟರ್ ಹೆಲೆನ್ ಪರೀಕ್ಷೆಗೆ ಬರುವವರಿದ್ದರು. ಅವರು ಬಾಳೆಹಣ್ಣು ಚಾಚಿದಾಗ ಕೆಂಚಿ ಇಳಿದು ಬಂದರೆ ಜನ್ಮವಿಡೀ ಪಂಜರ, ಮರ ಹತ್ತಿ ಹೋದರೆ ಬೋರ್ನಿಯೋ ಕಾಡು. ಕೆಲಸ ಕಳೆದುಕೊಂಡು ಕುಗ್ಗಿಹೋಗಿದ್ದ ದ್ವಾರಕಾನಾಥನಿಗೆ ಇದೊಂದಾದರೂ ದಡ ಸೇರಬೇಕಿತ್ತು.

ಮುಚ್ಚಳ ಯಾರದೆಂದು ಅವನು ಊಹಿಸಬೇಕಾಗಿರಲಿಲ್ಲ. ಕಾರು ಮಾರಿದ ಮೇಲೆ ಅವನನ್ನು ದಿನಾ ಕರೆತರುತ್ತಿದ್ದವರು ಅವನದೇ ಬಡಾವಣೆಯ ವತ್ಸಲಾ ಆಂಟಿ. ಹೊರಗೆ ಮೈನಸ್ ಹತ್ತು ಡಿಗ್ರಿ ಚಳಿ, ಅವರು ಬೆಚ್ಚಗೆ ಗಾಜಿನ ಮನೆಯಲ್ಲೇ ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದರು. ಮೀಟರ್ ನೋಡಲು ಬಂದವನಿಗೂ ಎರಡನೇ ಸಲ ಬಡಿಸದೆ ಕಳಿಸಿದವರಲ್ಲ.

"ಆಂಟಿ, ಕೆಂಚಿಗೆ ತಿನ್ನಿಸ್ತಿದ್ರಾ?"

"ತಾಯಿಯಿಲ್ಲದ ಕೂಸು ಕಣೋ. ಅದರೆದುರು ಕೂತು ನಾನೊಬ್ಬಳೇ ತಿನ್ನಲಾ?"

"ರೂಲ್ಸ್ ಇದೆ ಆಂಟಿ."

"ರೂಲ್ಸ್ ನಿಂಗೆ. ನಾನೇನು ಇಲ್ಲಿ ಕೆಲಸಕ್ಕಿದೀನಾ?"

ಇವತ್ತೊಂದು ದಿನ ಕಾರಿನಲ್ಲೇ ಹೀಟರ್ ಹಾಕಿಕೊಂಡು ಕೂತಿರಿ ಎಂದು ಕೈಮುಗಿದ. ಆಂಟಿ ಒಪ್ಪಿ ಹೋದರು. ಹೋಗಿ ಕಾರಿನಿಂದ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಟ್ರಾಯ್ ಕಡೆಯಿಂದ ಎರಡು ವ್ಯಾನ್ ತುಂಬ ಹೆಂಗಸರು ರೇಷ್ಮೆ ಸೀರೆ ಮೇಲೆ ಚಳಿಕೋಟು ಹಾಕಿಕೊಂಡು, ತಟ್ಟೆ ಹಿಡಿದು ಇಳಿದರು. ತಿಂಗಳುಗಟ್ಟಲೆ ಆಂಟಿಯ ಚಕ್ಕುಲಿ ತಿಂದಿದ್ದ ಗೇಟಿನವನು ಏನೂ ಕೇಳದೆ ಒಳಗೆ ಬಿಟ್ಟ.

"ಇದೇನು ಆಂಟಿ?" ದ್ವಾರಕಾನಾಥ ಪೊರಕೆ ಹಿಡಿದೇ ಓಡಿಬಂದ.

"ಹೆಣ್ಣುಮಗು ಮನೆ ಬಿಟ್ಟು ಹೋಗ್ತಿದೆ. ಮಡಿಲು ತುಂಬದೆ ಕಳಿಸೋಕಾಗತ್ತಾ?"

"ಅವಳಿಗಿನ್ನೂ ಮದುವೆ ಆಗಿಲ್ಲ."

"ಅಲ್ಲಿ ಹೋದ್ಮೇಲೆ ಆಗತ್ತೆ ಬಿಡಿ," ಎಂದರು ಎದುರು ಮನೆಯ ಭಾನು, ತಟ್ಟೆಯಲ್ಲಿದ್ದ ರವಿಕೆ ಕಣ ಸರಿಮಾಡುತ್ತ.

ಅಷ್ಟರಲ್ಲಿ ಹೆಲೆನ್ ಕಾರು ಬಂತು. ಅವನು ಅಷ್ಟೂ ಜನರನ್ನು ಗಾಜಿನ ಮನೆಯ ಮೂಲೆಯಲ್ಲಿದ್ದ ಬಾಳೆಗಿಡಗಳ ಹಿಂದಕ್ಕೆ ತಳ್ಳಿದ. ಬಳೆ ಸದ್ದು ಮಾಡಬೇಡಿ ಎಂದು ಬೇಡಿಕೊಂಡ.

ಹೆಲೆನ್ ಒಳಗೆ ಬಂದು, ಬಾಳೆಹಣ್ಣು ಸುಲಿದು, ಕೈ ಚಾಚಿ ಮುದ್ದಾಗಿ ಕರೆದರು. ಕೆಳಗಿನ ಕೊಂಬೆಯಲ್ಲಿದ್ದ ಕೆಂಚಿ ಹಣ್ಣು ನೋಡಿದಳು, ಚಾಚಿದ ಕೈ ನೋಡಿದಳು. ದ್ವಾರಕಾನಾಥ ಕಣ್ಣು ಮುಚ್ಚಿಕೊಂಡ. ತೆರೆದಾಗ ಕೆಂಚಿ ಛಾವಣಿಯ ಹತ್ತಿರ ಇದ್ದಳು. ಸರಸರ ಕೊಂಬೆ ಬಗ್ಗಿಸಿ, ಎಲೆ ಹಾಸಿ, ಅವನು ತೋರಿಸಿಕೊಟ್ಟಂತೆಯೇ ಗೂಡು ಕಟ್ಟಿ ಒಳಗೆ ಕೂತಳು. ಅವನಿಗೆ ಅಳು ಬಂತು.

"ಇಷ್ಟು ಬೇಗ ಹೇಗೆ ಕಲಿಸಿದಿರಿ?" ಎಂದರು ಹೆಲೆನ್.

ಅವನು ಎದೆಯುಬ್ಬಿಸಿ ಜಾಕೆಟ್ಟಿನ ಮಹಿಮೆ ವಿವರಿಸಲು ಬಾಯಿ ತೆರೆದದ್ದೇ ತಡ, ಮಗು ಹಸಿದು ಹೋಗುವುದನ್ನು ನೋಡಲಾರದೆ ವತ್ಸಲಾ ಆಂಟಿ ಡಬ್ಬಿ ಹಿಡಿದು ಹೊರಬಂದರು. "ಮಗಾ, ಇನ್ನೊಂದೇ ತುತ್ತು, ನನ್ನಾಣೆ."

ಗೂಡಿನಲ್ಲಿದ್ದ ಕೆಂಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗಾಜಿಗೆ ಒತ್ತಿಕೊಂಡಳು.

"ದಿನಾ ಇದೇ ಗೋಳು," ಎಂದರು ಆಂಟಿ. "ಮೊದಲ ವಾರ ಚೆನ್ನಾಗೇ ತಿಂದಳು. ಆಮೇಲೆ ಸಾಕು ಅಂದ್ರೆ ನಾನು ಬಿಡ್ತೀನಾ? ಈಗ ಯಾರ ಕೈ ಮುಂದೆ ಬಂದ್ರೂ ಮರ ಹತ್ತಿಬಿಡ್ತಾಳೆ."

ಹೆಲೆನ್ ಏನೆಂದು ಕೇಳಿದರು. ದ್ವಾರಕಾನಾಥ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದ, ಸುಳ್ಳು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಹೆಲೆನ್ ಪುಸ್ತಕ ತೆಗೆದು ವತ್ಸಲಾ ಆಂಟಿಯ ಹೆಸರು ಬರೆದುಕೊಂಡರು. ಆಮೇಲೆ ಕೆಂಚಿ ಪಾಸು ಎಂದರು.

ಬಾಳೆಗಿಡಗಳ ಹಿಂದಿನಿಂದ ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಮಡಿಲು ತುಂಬಲು ಕೆಂಚಿ ಇಳಿಯಲೊಲ್ಲಳು. ತಾಯಿ ಇದ್ದಾನಲ್ಲ ಎಂದು ಭಾನು ದ್ವಾರಕಾನಾಥನನ್ನೇ ಕೂರಿಸಿದರು. ಅವನು ತುಪ್ಪಳದ ಜಾಕೆಟ್ಟಿನ ಅಂಚು ಹರಡಿ ಅಕ್ಕಿ, ಬೆಲ್ಲ, ಕೊಬ್ಬರಿ ಎಲ್ಲವನ್ನೂ ತುಂಬಿಸಿಕೊಂಡ. ಹೆಂಗಸರು ಆರತಿ ಎತ್ತಿ ಹಾಡಿದರು. ಮೇಲಿನಿಂದ ಕೆಂಚಿ ಇಣುಕಿದಳು. ಅಷ್ಟು ಸಂತೋಷ ಅವನಿಗೆ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಸಂಜೆ ಹೆಲೆನ್ ಅವನ ಕೈ ಕುಲುಕಿದರು. ಮುಂದಿನ ತಿಂಗಳು ಇನ್ನೆರಡು ಅನಾಥ ಮರಿಗಳು ಬರುವುದಿತ್ತು. ರಿಸೆಶನ್ನಿನಿಂದಾಗಿ ಕೇಂದ್ರಕ್ಕೆ ಉಳಿದದ್ದು ಒಂದೇ ಹುದ್ದೆ. ಅದನ್ನು ವತ್ಸಲಾ ಆಂಟಿಗೆ ಕೊಟ್ಟಾಗಿತ್ತು.

"ನಾಳೆಯಿಂದ ನೀನೇ ಡ್ರೈವ್ ಮಾಡು," ಎಂದರು ಆಂಟಿ, ಕೀ ಅವನ ಕೈಗೆ ಹಾಕಿ. "ಕೆಲಸಕ್ಕೆ ಹೋಗೋರು ದಾರೀಲಿ ಸುಸ್ತಾಗಬಾರದು. ನಾಳೆ ಯಾಕೆ, ಇವತ್ತೇ ಶುರು ಮಾಡು."

ಕಾರು ಹೈವೇಗೆ ಬಂತು. ಪಕ್ಕದಲ್ಲಿ ಡಬ್ಬಿ ತೆರೆದ ಸದ್ದಾಯಿತು.

"ತಗೋ, ಬಾಯಿ ತೆಗಿ."

"ಸಾಕು ಆಂಟಿ, ಆಗಲೇ ತಿಂದಾಯ್ತು."

"ಸಾಕು ಅಂದ್ರೇನು? ಇನ್ನೊಂದೇ ತುತ್ತು."

ಬಾಯಿ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈ ಸ್ಟಿಯರಿಂಗ್ ಮೇಲಿದ್ದವು. ದ್ವಾರಕಾನಾಥ ಬಾಯಿ ತೆರೆದ.