ದೊಡ್ಡಪ್ಪನ ಖಾಲಿ ಬೆಂಚುಗಳು

ಯಲಹಂಕದ ನಮ್ಮ ಪುಟ್ಟ ಕ್ರೈಸ್ತ ದೇವಾಲಯದಲ್ಲಿ ಭಾನುವಾರದ ಆರಾಧನೆಗೆ ಎಷ್ಟು ಜನ ಸೇರುತ್ತಿದ್ದರು ಎಂದು ಆ ಕಾಲದವರನ್ನು ಕೇಳಿ ನೋಡಿ. ನಲವತ್ತು ಎನ್ನುತ್ತಾರೆ. ನಮ್ಮ ದೊಡ್ಡಪ್ಪ ಮಾತ್ರ ಅರವತ್ತು ಎನ್ನುತ್ತಿದ್ದರು. ಅವರಿಗೆ ಎಣಿಸಲು ಬಾರದು ಎಂದು ತಿಳಿಯಬೇಡಿ. ಹೆಚ್ಚುವರಿ ಇಪ್ಪತ್ತು ಜನರ ಹೆಸರು, ಕೂರುವ ಜಾಗ, ಕಂಠದ ಗುಣದೋಷ ಎಲ್ಲವನ್ನೂ ಅವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವರಾಗಿದ್ದರು. ಆ ಇಪ್ಪತ್ತು ಜನರಲ್ಲಿದ್ದ ಕೊರತೆ ಒಂದೇ: ಅವರೆಲ್ಲ ತೀರಿಹೋಗಿದ್ದರು!

ದೊಡ್ಡಪ್ಪ ಯಲಹಂಕ ರೈಲು ನಿಲ್ದಾಣದಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು. ದೇವಾಲಯದಲ್ಲಿ ಹಾಡಿಸುವ ಕೆಲಸ ಅವರದು. ಸಭೆಯಲ್ಲಿ ಓದು ಬಲ್ಲವರು ಕಡಿಮೆ, ಗೀತೆ ಪುಸ್ತಕಗಳು ಅದಕ್ಕಿಂತಲೂ ಕಡಿಮೆ. ಆದ್ದರಿಂದ ದೊಡ್ಡಪ್ಪ ಒಂದು ಸಾಲನ್ನು ಗಟ್ಟಿಯಾಗಿ ಹೇಳಿಕೊಡುವುದು, ಸಭೆ ಅದನ್ನು ಹಾಡುವುದು, ಆಮೇಲೆ ಅವರು ಮುಂದಿನ ಸಾಲು ಹೇಳುವುದು, ಇದು ರೂಢಿ. ಇಷ್ಟೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಸಭೆ ಒಂದು ಸಾಲು ಹಾಡಿ ಮುಗಿಸಿದ ಕೂಡಲೇ ದೊಡ್ಡಪ್ಪ ಎಡಗೈ ಎತ್ತಿ, ಬಾಗಿಲ ಬಳಿಯ ಕೊನೆಯ ಮೂರು ಖಾಲಿ ಬೆಂಚುಗಳತ್ತ ಹಿಡಿದು, ಸುಮ್ಮನೆ ನಿಂತುಬಿಡುತ್ತಿದ್ದರು. ಒಂದು ಉಸಿರು, ಕೆಲವೊಮ್ಮೆ ಎರಡು. ಆಮೇಲೆ "ಆಯ್ತು" ಎಂಬಂತೆ ತಲೆಯಾಡಿಸಿ, ಬಲಗೈಯಲ್ಲಿ ಸುತ್ತಿ ಹಿಡಿದಿದ್ದ ಹಳೆಯ ಹಸಿರು ಬಾವುಟವನ್ನು ತುಸು ಅಲ್ಲಾಡಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದರು.

"ಯಾಕೆ ದೊಡ್ಡಪ್ಪ ನಿಲ್ಲಿಸ್ತೀರಿ?" ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ.

"ಮುಂದಿನ ಸ್ಟೇಷನ್ನಿಂದ ಲೈನ್ ಕ್ಲಿಯರ್ ಬರ್ದೆ ಗಾಡಿ ಬಿಡಾಕಾಯ್ತದಾ ಮಗಾ?"

"ಯಾವ ಸ್ಟೇಷನ್ನು?"

"ರಾಜಾನುಕುಂಟೆ ಅಂತ ತಿಳ್ಕೊ. ಅದ್ಕಿಂತ ಒಂಚೂರು ದೂರ."

ಆ ನಿಲುಗಡೆಯ ಮೌನ ಎಂಥದ್ದೆಂದು ಹೇಗೆ ವಿವರಿಸಲಿ? ನಲವತ್ತು ಜನ ಉಸಿರು ಬಿಗಿಹಿಡಿದಿರುತ್ತಿದ್ದರು. ಮಾಡಿನ ಹೆಂಚು ಬಿಸಿಲಿಗೆ ಟಕ್ ಎಂದರೆ ನಾಲ್ವರು ಬೆಚ್ಚಿಬೀಳುತ್ತಿದ್ದರು. ಒಬ್ಬರೂ ಹಿಂದಿರುಗಿ ನೋಡುತ್ತಿರಲಿಲ್ಲ. ನಂಬಿಕೆ ಇಲ್ಲದವರು ನೋಡಬಹುದಿತ್ತಲ್ಲವೇ? ಅವರಂತೂ ಕಣ್ಣನ್ನೇ ಮುಚ್ಚಿಕೊಳ್ಳುತ್ತಿದ್ದರು!

ಒಮ್ಮೆ ಊರಿಗೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಸಪತ್ನೀಕರಾಗಿ ಬಂದು, ಏನೂ ಅರಿಯದೆ, ಖಾಲಿಯಿದ್ದ ಬೆಂಚಿನಲ್ಲಿ ಕುಳಿತರು. ದೊಡ್ಡಪ್ಪ ಹಾಡು ನಿಲ್ಲಿಸಿ, ಅವರ ಬಳಿಗೆ ನಡೆದುಹೋಗಿ, ಕೈಮುಗಿದರು.

"ಸ್ವಾಮೀ, ತಪ್ಪು ತಿಳ್ಕೋಬೇಡಿ. ಈ ಜಾಗದಾಗೆ ನಮ್ಮ ಎಸ್ತೇರಮ್ಮ ಕುಂತವ್ರೆ."

ಅಧಿಕಾರಿಗಳು ಅತ್ತಿತ್ತ ನೋಡಿದರು. "ಎಲ್ಲಿ?"

"ನಿಮ್ಮ ತೊಡೆ ಮ್ಯಾಲೆ."

ಆ ದಂಪತಿಗಳು ಮುಂದಿನ ಭಾನುವಾರದಿಂದ ಬೆಂಗಳೂರಿನ ದಂಡುಪ್ರದೇಶದ ದೊಡ್ಡ ದೇವಾಲಯಕ್ಕೆ ಹೋಗತೊಡಗಿದರೆಂದು ಕೇಳಿದ್ದೇನೆ. ಅಷ್ಟು ದೂರ, ಅದೂ ಆ ಕಾಲದ ಬಸ್ಸಿನಲ್ಲಿ!

ಗಾರೆ ಕೆಲಸದ ಯೋಹಾನಪ್ಪನವರ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಅವರು ಜ್ವರ ಬಂದು ಇಪ್ಪತ್ತು ದಿನ ಮಲಗಿದ್ದರು, ವೈದ್ಯರೂ ಕೈಚೆಲ್ಲಿದ್ದರು. ದೊಡ್ಡಪ್ಪ ನೋಡಲು ಹೋದರು. ಮಂಚದ ಪಕ್ಕ ಕುಳಿತು, ಹಣೆ ಮುಟ್ಟಿ, ಬಹಳ ಪ್ರೀತಿಯಿಂದಲೇ ಕೇಳಿದರು: "ಯೋಹಾನಪ್ಪ, ಹಿಂದ್ಗಡೆ ಎರಡ್ನೇ ಬೆಂಚಲ್ಲಿ ಗೋಡೆ ಪಕ್ಕ ಒಂದು ಜಾಗ ಐತೆ. ಸೆಕೆ ಇರಾಕಿಲ್ಲ. ಇಟ್ಟಿರ್ಲಾ?" ಅಂದೇ ಸಂಜೆ ಯೋಹಾನಪ್ಪ ಎದ್ದು ಕುಳಿತು ಗಂಜಿ ಕೇಳಿದರು. ಭಾನುವಾರ ಬಂದು ಮೊದಲನೆಯ ಬೆಂಚಿನಲ್ಲಿ, ಬಾಗಿಲಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರದಲ್ಲಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು!

ನಾನು ಬೆಳೆದದ್ದು ಈ ದೊಡ್ಡಪ್ಪನ ಮನೆಯಲ್ಲಿ. ನಾನು ಎರಡು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ತಂದೆ ರೈಲ್ವೆಯ ನೌಕರಿಯಲ್ಲಿ ಊರೂರು ಅಲೆಯುತ್ತಿದ್ದರು. ಅವ್ವನ ಫೋಟೋ ಒಂದೂ ಇರಲಿಲ್ಲ. ಅವಳ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಕಾಲೇಜಿನಿಂದ ರಜೆಗೆ ಬಂದಿದ್ದ ಒಂದು ಶನಿವಾರ ಮಧ್ಯಾಹ್ನ ದೊಡ್ಡಪ್ಪನನ್ನು ಊಟಕ್ಕೆ ಕರೆಯಲು ದೇವಾಲಯಕ್ಕೆ ಹೋದೆ. ಅದು ಬಂಡೆಯೊಂದರ ಮೇಲೆ ಇರುವುದರಿಂದ ಹನ್ನೊಂದು ಮೆಟ್ಟಿಲು ಹತ್ತಬೇಕು. ಅರ್ಧ ಹತ್ತಿದ್ದೆ, ಒಳಗಿನಿಂದ ಗದರಿಕೆ ಕೇಳಿಸಿತು: "ರಾಗ ಎಳೀಬೇಡಿ ಎಸ್ತೇರಮ್ಮ, ಎಳೀಬೇಡಿ! ಬದ್ಕಿದ್ದಾಗ್ಲೂ ಇದೇ ಕತೆ ನಿಮ್ದು!" ಆಮೇಲೆ ಧ್ವನಿ ಬದಲಾಯಿತು, ತೀರ ಮೆತ್ತಗಾಯಿತು: "ನೀನು ನಿಧಾನಕ್ಕೆ ಮುಗಿಸವ್ವಾ. ನಾನಿದೀನಿ." ಒಳಗೆ ಇಣುಕಿದೆ. ದೊಡ್ಡಪ್ಪ ಒಬ್ಬರೇ ನಿಂತಿದ್ದರು. ಕೊನೆಯ ಮೂರೂ ಬೆಂಚುಗಳ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳಿತ್ತು. ಬಾಗಿಲ ಪಕ್ಕದ ತುದಿಯಲ್ಲಿ ಮಾತ್ರ ಒಬ್ಬರು ಕೂರುವಷ್ಟು ಜಾಗ ಸ್ವಚ್ಛವಾಗಿ ಹೊಳೆಯುತ್ತಿತ್ತು. ದೊಡ್ಡಪ್ಪನೇ ಒರೆಸಿರಬೇಕೆಂದು ವೈಜ್ಞಾನಿಕವಾಗಿ ತೀರ್ಮಾನಿಸಿದೆ. ತೀರ್ಮಾನಿಸಿ, ಓಡಿದೆ!

ಅಷ್ಟರಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಎರಡು ಬಹುಮಾನಗಳನ್ನು ಗೆದ್ದಿದ್ದೆ. ದೇಶ ಸ್ವತಂತ್ರವಾಗಿತ್ತು. ಅಣೆಕಟ್ಟುಗಳು ಏಳುತ್ತಿದ್ದವು. ಇಂಥ ಯುಗದಲ್ಲಿ ನಮ್ಮ ಸಭೆ ಮಾತ್ರ ಪ್ರತಿ ಸಾಲಿಗೊಮ್ಮೆ ಸತ್ತವರ ಅಪ್ಪಣೆಗೆ ಕಾಯುವುದೆಂದರೆ! ಮಕ್ಕಳು ಹಾಡುವುದನ್ನು ಬಿಟ್ಟು ತಾಯಂದಿರ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೆ. ಹೊಸ ಕುಟುಂಬಗಳು ಬಂದಷ್ಟೇ ಬೇಗ ಹೊರಟುಹೋಗುತ್ತಿದ್ದವು. ಭಯವಿರುವ ಕಡೆ ಭಕ್ತಿ ಹೇಗೆ ಬೆಳೆದೀತು? ಇದನ್ನು ನಾನು ಅಂದು ಪ್ರಾಮಾಣಿಕವಾಗಿ ನಂಬಿದ್ದೆ, ಇಂದಿಗೂ ಆ ವಾದದಲ್ಲಿ ದೋಷ ಕಾಣುವುದಿಲ್ಲ.

ಪದವಿ ಮುಗಿಸಿ ಊರಿಗೆ ಬಂದವನೇ ಸಭಾ ಸಮಿತಿಯ ಮುಂದೆ ನಿರ್ಣಯವನ್ನು ಮಂಡಿಸಿದೆ: ಎಲ್ಲರಿಗೂ ಓದು ಕಲಿಸತಕ್ಕದ್ದು, ಪುಸ್ತಕ ತರಿಸತಕ್ಕದ್ದು, ಗೀತೆಗಳನ್ನು ನಿಲುಗಡೆಯಿಲ್ಲದೆ ಹಾಡತಕ್ಕದ್ದು. ಅಧ್ಯಕ್ಷಸ್ಥಾನದಲ್ಲಿದ್ದ ಪಾದ್ರಿ ಅಯ್ಯನವರನ್ನು ಉದ್ದೇಶಿಸಿ ಇಪ್ಪತ್ತು ನಿಮಿಷ ಮಾತನಾಡಿದೆ.

"ನೀವೇನ್ ಹೇಳ್ತೀರಿ?" ಎಂದು ಅಯ್ಯನವರು ದೊಡ್ಡಪ್ಪನನ್ನು ಕೇಳಿದರು.

ದೊಡ್ಡಪ್ಪ ಎದ್ದು ನಿಂತರು. "ಮಗ ಚೆನ್ನಾಗಿ ಮಾತಾಡ್ದ. ಓದು ಕಲ್ಸ್ಲಿ, ಪುಸ್ತಕ ತರ್ಲಿ. ನಿಲ್ಸೋದೊಂದು ತೆಗೀಬೇಡಿ ಅಯ್ಯನೋರೇ. ನಾವು ನಮ್ಮ ಪಾಡಿಗೆ ಓಡ್ಬಿಟ್ರೆ ಅವ್ರು ಹಿಂದೆ ಬಿದ್ದೋಯ್ತಾರೆ. ಒಂದ್ಸಲ ಬಿದ್ದೋದ್ರೆ ಮತ್ತೆ ದಾರಿ ಸಿಕ್ತದೋ ಇಲ್ವೋ."

ಮತಕ್ಕೆ ಹಾಕಿದರು. ಪರವಾಗಿ ಐದು, ವಿರುದ್ಧವಾಗಿ ನಾಲ್ಕು.

"ಆ ಇಪ್ಪತ್ತು ಜನದ್ದು ಎಣಿಸ್ಲೇ ಇಲ್ವಲ್ಲಾ" ಎಂದರು ದೊಡ್ಡಪ್ಪ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗುವುದನ್ನು ನಿಲ್ಲಿಸಿದರು. ದೊಡ್ಡಪ್ಪ ಹಸಿರು ಬಾವುಟವನ್ನು ತಂದು ನನ್ನ ಕೈಗಿಟ್ಟು, ಮನೆಗೆ ನಡೆದರು.

ಮುಂದಿನ ಭಾನುವಾರ ಬೆಳಿಗ್ಗೆ ಅಲ್ಲಾಳಸಂದ್ರದ ಕೆರೆಯ ಕಡೆಯಿಂದ ಎದ್ದ ಮಂಜು ಮೆಟ್ಟಿಲುಗಳನ್ನೆಲ್ಲ ನುಂಗಿತ್ತು. ಬಾಗಿಲಾಚೆ ಬಿಳುಪೊಂದನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದೊಡ್ಡಪ್ಪ ಮೊದಲನೆಯ ಬೆಂಚಿನಲ್ಲಿ, ತಲೆ ತಗ್ಗಿಸಿ ಕುಳಿತಿದ್ದರು. ಓದು ಕಲಿಸುವ ಕೆಲಸ ಇನ್ನೂ ಆರಂಭವಾಗಬೇಕಿದ್ದುದರಿಂದ ನಾನೇ ಸಾಲುಗಳನ್ನು ಹೇಳಿಕೊಟ್ಟೆ, ನಿಲ್ಲಿಸದೆ. ಮೊದಲ ಗೀತೆ ಅಪಘಾತವಾಯಿತು! ಅರ್ಧ ಸಭೆ ರೂಢಿಯಂತೆ ನಿಂತಿತು, ಅರ್ಧ ನನ್ನೊಡನೆ ಓಡಿತು, ಯೋಹಾನಪ್ಪನವರು ಎರಡೂ ಕಡೆ ಸೇರದೆ ತಮ್ಮದೇ ಹಾಡು ಹಾಡಿದರು. ಎರಡನೆಯದು ವಾಸಿ. ಮೂರನೆಯ ಗೀತೆಗೆ ಬರುವಷ್ಟರಲ್ಲಿ ಸಭೆ ನನ್ನ ಹಿಡಿತಕ್ಕೆ ಬಂದಿತ್ತು.

ಅದರ ಮೊದಲ ಸಾಲು, ದಾರಿ ದೂರವಾದರೂ ದೀಪ ನಿನ್ನ ಕೈಲಿದೆ ಎಂದು. ಸಭೆ ಹಾಡಿ ಮುಗಿಸಿತು. ನಾನು ಎರಡನೆಯ ಸಾಲಿಗೆ ಬಾಯಿ ತೆರೆದೆ. ಆಗ ಬಾಗಿಲ ಕಡೆಯಿಂದ, ಒಂದು ಹೆಂಗಸಿನ ಧ್ವನಿ, ಏದುಸಿರಿನ ನಡುವೆ, ಹಿಂದಿನ ಸಾಲಿನ ಕೊನೆಯ ಪದವನ್ನು ಆಗಷ್ಟೇ ಮುಟ್ಟಿತು: "ಕೈಲಿದೆ..."

ಹಿಂದಿನ ಬೆಂಚುಗಳು ಖಾಲಿ. ನಾನು ಮುಂದುವರಿದೆ. ಎರಡನೆಯ ಸಾಲಿಗೆ ಆ ಧ್ವನಿ ಇನ್ನೂ ಹಿಂದೆ ಬಿತ್ತು. ಮೂರನೆಯ ಸಾಲಿಗೆ ಬಾಗಿಲಾಚೆ ಮಂಜಿನೊಳಗಿಂದ ಎಂಬಂತೆ ಕೇಳಿಸಿತು. ನಾಲ್ಕನೆಯದಕ್ಕೆ ಕೇಳಿಸಲೇ ಇಲ್ಲ. ಸಭೆಯಲ್ಲಿ ಯಾರ ಮುಖದಲ್ಲೂ ಬದಲಾವಣೆ ಇರಲಿಲ್ಲ. ದೊಡ್ಡಪ್ಪ ಮಾತ್ರ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

ಆರಾಧನೆ ಮುಗಿದ ಮೇಲೆ ಎಲ್ಲರೂ ಹೋದರು. ದೊಡ್ಡಪ್ಪ, ನಾನು ಇಬ್ಬರೇ ಉಳಿದೆವು.

"ಕೇಳಿಸ್ತಾ?" ಎಂದರು ದೊಡ್ಡಪ್ಪ.

"ಯಾರೋ ಹಿಂದೆ ಬೀಳ್ತಿದ್ರು. ಉಸಿರು ಸಾಲ್ದೆ."

ಅವರು ಎದ್ದು ಕೊನೆಯ ಬೆಂಚಿನವರೆಗೆ ನಡೆದರು. ಆಮೇಲೆ ಬಾಗಿಲ ಪಕ್ಕದ, ಧೂಳಿಲ್ಲದ ಆ ತುದಿಯನ್ನು ಅಂಗೈಯಿಂದ ಒಮ್ಮೆ ಸವರಿದರು.

"ನಿಮ್ಮವ್ವಂಗೆ ಉಬ್ಬಸ ಇತ್ತು ಕಣಪ್ಪಾ. ಆ ಮೆಟ್ಲು ಹತ್ತಿ ಬಂದು ಇಲ್ಲೇ ಕುಂತ್ಕೊಳೋಳು, ಮುಂದಕ್ಕೆ ಬರಾಕೆ ಆಗ್ತಿರ್ಲಿಲ್ಲ. ಎಲ್ಲಾರ್ದೂ ಸಾಲು ಮುಗುದ್ಮೇಲೆ ಅವಳ್ದು ಮುಗಿಯೋದು. ಜನ ನಗೋರು. ಅದ್ಕೆ ನಾನು ನಿಲ್ಸಾಕೆ ಶುರು ಮಾಡ್ದೆ, ಅವಳೂ ಎಲ್ಲಾರ ಜೊತೆ ಮುಗಿಸ್ಲಿ ಅಂತ. ಅವಳು ಹೋದ್ಮೇಲೂ ನಿಲ್ಸೋದು ಬಿಡಾಕೆ ಮನ್ಸು ಬರ್ಲಿಲ್ಲ. ಜಾಗ ಇಟ್ರೆ ಒಬ್ರೇ ಬತ್ತಾರಾ? ಒಬ್ಬೊಬ್ರಾಗಿ ಉಳಿದೋರೂ ಬಂದ್ರು."

"ನನಗೆ ಯಾಕೆ ಹೇಳ್ಲಿಲ್ಲ ದೊಡ್ಡಪ್ಪ?"

"ನೀನು ಕೇಳ್ಲಿಲ್ಲ."

ನಾನು ಬಾವುಟವನ್ನು ಅವರಿಗೆ ಹಿಂದಿರುಗಿಸಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. "ಓಡಿಸ್ದೋನು ನೀನು. ನೀನೇ ಕರೀಬೇಕು."

ಆ ವಾರವೇ ಸಮಿತಿಯ ಮುಂದೆ ನನ್ನದೇ ನಿರ್ಣಯಕ್ಕೆ ನಾನೇ ತಿದ್ದುಪಡಿ ಮಂಡಿಸಿದೆ. ಓದು ಇರಲಿ, ಪುಸ್ತಕಗಳಿರಲಿ, ನಿಲುಗಡೆಯೂ ಇರಲಿ. ಕಾರಣವೇನೆಂದು ಅಯ್ಯನವರು ಕೇಳಿದಾಗ, ಜೀವಮಾನದಲ್ಲಿ ಮೊದಲ ಬಾರಿಗೆ, ವಾದ ಬಿಟ್ಟು ಬೇಡಿಕೊಂಡೆ. ಸಮಿತಿ ಒಪ್ಪಿತು.

ಭಾನುವಾರ ಮತ್ತೆ ಮಂಜು. ಅದೇ ಗೀತೆಯನ್ನು ಆರಿಸಿದೆ. ಮೊದಲ ಸಾಲನ್ನು ಹೇಳಿಕೊಟ್ಟೆ, ಸಭೆ ಹಾಡಿ ಮುಗಿಸಿತು. ಎಡಗೈ ಎತ್ತಿ ಬಾಗಿಲಿನತ್ತ ಹಿಡಿದು ನಿಂತೆ. ಒಂದು ಉಸಿರು. ಎರಡು. ಮೂರು. ಏನೂ ಕೇಳಿಸಲಿಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು. ಇನ್ನು ಕೈ ಇಳಿಸಿಬಿಡಬೇಕು ಎನ್ನುವಷ್ಟರಲ್ಲಿ, ಮೊದಲ ಬೆಂಚಿನಿಂದ ದೊಡ್ಡಪ್ಪ, ನನಗೊಬ್ಬನಿಗೇ ಕೇಳುವಷ್ಟು ಮೆತ್ತಗೆ, ಅಂದರು:

"ಆತ್ರ ಬೇಡ ಕಣಪ್ಪಾ. ಮೆಟ್ಲು ಹತ್ತುತಾ ಅವ್ಳೆ."